ಇಂಗ್ಲಿಷಿನಲ್ಲಿ ಕೇಳಿದರೆ ಮಾತ್ರ

ನನ್ನ ಮಗಳಿಗೆ ಮೂರು ತುಂಬುವ ಹೊತ್ತಿಗೆ ಕೋಲಾರದಲ್ಲಿ ಹೊಸದಾಗಿ ಎರಡು ಜಾತಿಗಳು ಹುಟ್ಟಿಕೊಂಡಿದ್ದವು. ಮಕ್ಕಳನ್ನು ಒಳ್ಳೆಯ ಕಾನ್ವೆಂಟಿಗೆ ಹಾಕಿದವರದು ಒಂದು, ಹಾಕದವರದು ಇನ್ನೊಂದು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಲ್ಲಿಯವರೆಗೆ ಮೂರು ವರ್ಷದ ಮಗು ಎಂದರೆ ಅಂಗಳದಲ್ಲಿ ಮಣ್ಣಾಡಿಕೊಂಡು, ಅಜ್ಜಿಯ ಸೆರಗು ಜಗ್ಗಿಕೊಂಡು ಬೆಳೆಯುವ ಜೀವ. ಈಗ ಇದ್ದಕ್ಕಿದ್ದಂತೆ ಅದಕ್ಕೊಂದು ಭವಿಷ್ಯ ಅಂಟಿಕೊಂಡಿತ್ತು, ಆ ಭವಿಷ್ಯಕ್ಕೆ ಯಾವ ಗೇಟಿನಿಂದ ಒಳಗೆ ಹೋಗಬೇಕು ಎಂಬುದೇ ದೊಡ್ಡವರಿಗೆಲ್ಲ ತಲೆನೋವಾಗಿತ್ತು.

ಕಾನ್ವೆಂಟ್ ಎಂದರೆ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಶಾಲೆ ಎಂದು ನಾನು ತಿಳಿದಿದ್ದೆ. ನಮ್ಮೂರಿನಲ್ಲಿ ಅದಕ್ಕೆ ಸನ್ಯಾಸಿನಿಯರ ಅಗತ್ಯವೇನೂ ಇರಲಿಲ್ಲ. ಮಕ್ಕಳ ಕುತ್ತಿಗೆಗೆ ಒಂದು ಟೈ ಬಿಗಿದರೆ ಆಯಿತು, ಅದು ಕಾನ್ವೆಂಟ್.

ನಮ್ಮ ಯಜಮಾನರು ಬ್ಯಾಂಕಿನಲ್ಲಿ ಗುಮಾಸ್ತರು. ನಾನು ಹೋಳೂರಿನ ಸರ್ಕಾರಿ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಕೋಲಾರದಲ್ಲಿ ಬಸ್ಸು ಹತ್ತಿ ಹೋದರೆ ವಾಪಸು ಬರುವುದು ಸಂಜೆಗೇ. ಮಗುವನ್ನು ನೋಡಿಕೊಳ್ಳಲೆಂದು ಬೈರಕೂರಿನಿಂದ ನಮ್ಮತ್ತೆ ಬಂದು ಜೊತೆಗಿದ್ದರು. ಅವರ ಮನೆಮಾತು ತೆಲುಗು, ಸುಗಟೂರಿನ ನನ್ನ ತವರಿನದು ಕನ್ನಡ. ಮಗಳು ಎರಡನ್ನೂ ಒಂದೇ ಪಾತ್ರೆಗೆ ಹಾಕಿ ತಿರುವಿ, ತನಗೆ ಬೇಕಾದ ಹಾಗೆ ಮುದ್ದೆ ಕಟ್ಟಿಕೊಂಡಿದ್ದಳು. ಆಕಾಶ, ಚಂದ್ರ, ಹೂವು ಕನ್ನಡದಲ್ಲಿ. ಬೈಗುಳ, ಹಸಿವು, ದನಕರು ಎಲ್ಲ ತೆಲುಗಿನಲ್ಲಿ. ಅಜ್ಜಿಯನ್ನು ಅವ್ವ ಎನ್ನುತ್ತಿದ್ದಳು. ಅವಳಿಗೆ ಹೇಳಲಾಗದ ಮಾತು ಅಂತ ಒಂದೂ ಇರಲಿಲ್ಲ. ಬೀದಿಯವರೆಲ್ಲ ಅವಳನ್ನು ನಿಲ್ಲಿಸಿ ಮಾತಾಡಿಸಿಕೊಂಡು ಹೋಗುತ್ತಿದ್ದರು.

ಮನೆಗೆ ಬೆಂಕಿ ಹಚ್ಚಿದ್ದು ಶ್ರೀನಿವಾಸಪುರದ ನಮ್ಮ ನಾದಿನಿ. ಮಾವಿನ ಹಣ್ಣಿನ ಬುಟ್ಟಿಯ ಜೊತೆಗೆ ಮಗನನ್ನೂ ಕರೆದುಕೊಂಡು ಬಂದಳು. ನಮ್ಮ ಮಗಳಿಗಿಂತ ಒಂದಿಷ್ಟು ದೊಡ್ಡವನು. ಅವನು ಆಗಲೇ ನರ್ಸರಿಗೆ ಹೋಗುತ್ತಿದ್ದ. ಕಾಫಿ ಕುಡಿದಾದ ಮೇಲೆ ನಾದಿನಿ ಅವನನ್ನು ನಡುಮನೆಯಲ್ಲಿ ನಿಲ್ಲಿಸಿದಳು.

“ಎಲ್ಲೋ, ಮಾವಂಗೆ ತೋರ್ಸು. ನೋಸ್ ಎಲ್ಲಿದೆ?”

ಹುಡುಗ ಮೂಗಿನ ಮೇಲೆ ಬೆರಳಿಟ್ಟ. ಮೂಗು ಸುರಿಯುತ್ತಿತ್ತು. ಬೆರಳು ಒದ್ದೆಯಾಯಿತು.

“ಇಯರ್?”

ಅದೇ ಬೆರಳು ಕಿವಿಗೆ ಹೋಯಿತು. ಆಮೇಲೆ ಕೆನ್ನೆಗೆ, ಹಣೆಗೆ, ಹೊಟ್ಟೆಗೆ. ಮೈಯೆಲ್ಲ ಇಂಗ್ಲಿಷಿನಲ್ಲಿ ಒದ್ದೆಯಾಗುವವರೆಗೂ ನಾದಿನಿ ಬಿಡಲಿಲ್ಲ. ನೋಸ್ ಎಲ್ಲಿದೆ ಎಂದು ಗೊತ್ತಿದ್ದ ಮಗುವಿಗೆ ಅದನ್ನು ಒರೆಸಿಕೊಳ್ಳುವುದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ನಮ್ಮತ್ತೆ ಎದ್ದು ಹೋಗಿ ಸೆರಗಿನಿಂದ ಅವನ ಮೂಗು ಹಿಂಡಿದರು. ನಾನು ನಗು ತಡೆದುಕೊಂಡು ಒಳಗೆ ಹೋದೆ. ನಮ್ಮ ಯಜಮಾನರು ನಗಲಿಲ್ಲ. ಶ್ರೀನಿವಾಸಪುರದಂಥ ಊರಿನಲ್ಲಿರುವ ತಂಗಿ ತನ್ನನ್ನು ದಾಟಿ ಮುಂದೆ ಹೋಗಿಬಿಟ್ಟಳಲ್ಲ ಎಂಬ ಸಂಕಟ ಮುಖದ ಮೇಲೆ ಎದ್ದು ಕಾಣುತ್ತಿತ್ತು.

“ಇನ್ನು ತಡ ಮಾಡೋ ಹಾಗಿಲ್ಲ ಕಣೇ,” ಅಂದರು ಆವತ್ತು ಊಟಕ್ಕೆ ಕೂತಾಗ. “ಬ್ಯಾಂಕಲ್ಲಿ ಎಲ್ರೂ ಕೇಳ್ತಾರೆ, ಮಗೂನ ಎಲ್ಲಿ ಹಾಕಿದೀರ ಅಂತ. ನಂಗೆ ಮುಖ ತೋರ್ಸಕ್ಕೆ ಆಗ್ತಿಲ್ಲ.”

“ಮೂರು ವರ್ಷಕ್ಕೆ ಎಲ್ಲಿ ಹಾಕ್ತಾರೆ ರೀ? ಅವ್ವನ ಹತ್ರ ಹಾಕಿದೀವಿ ಅನ್ನಿ.”

“ನಿಂಗೆ ಸರ್ಕಾರಿ ಸ್ಕೂಲು ಬಿಟ್ರೆ ಏನು ಗೊತ್ತು?”

ಹದಿನೈದು ಹಳ್ಳಿಯ ಮಕ್ಕಳಿಗೆ ಅಕ್ಷರ ತಿದ್ದಿಸಿದವಳಿಗೆ ಈ ಮಾತು. ಅವರು ಓದಿದ್ದೂ ಸರ್ಕಾರಿ ಶಾಲೆಯಲ್ಲೇ, ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ್ದೂ ಅದರಿಂದಲೇ. ಆದರೆ ಏಣಿ ಹತ್ತಿದವನು ಏಣಿಯನ್ನು ನೋಡುವುದು ಹೇಗೆಂದು ನನಗೆ ಗೊತ್ತಿತ್ತು, ಸಾರು ಬಡಿಸಿದೆ.

ಊರಿನಲ್ಲಿ ಹೆಸರು ಮಾಡಿದವು ಎರಡೇ ಎಂದು ಬ್ಯಾಂಕಿನ ಊಟದ ಮೇಜಿನಲ್ಲಿ ತೀರ್ಮಾನವಾಗಿತ್ತು. ಒಂದನ್ನು ನಡೆಸುತ್ತಿದ್ದವರು ಒಬ್ಬ ವಕೀಲರ ಹೆಂಡತಿ. ಮದ್ರಾಸಿನಲ್ಲಿ ಮಾಂಟೆಸರಿ ತರಬೇತಿ ಪಡೆದವರು ಎಂದು ಖ್ಯಾತಿ. ಇನ್ನೊಂದನ್ನು ನಡೆಸುತ್ತಿದ್ದವರು ಬೆಂಗಳೂರಿನ ದಂಡು ಪ್ರದೇಶದಿಂದ ಬಂದ ಒಬ್ಬ ಮೇಡಂ. ಕನ್ನಡ ಬಾರದವರು ಎಂಬುದೇ ಅವರ ದೊಡ್ಡ ಪದವಿ.

ಮೊದಲು ಮಾಂಟೆಸರಿಗೆ ಹೋದೆವು. ಕೋಟೆ ಕಡೆಯ ಹಳೆಯ ಮನೆ. ಅಂಗಳದಲ್ಲಿ ಒಂದು ಜಾರುಬಂಡೆ. ಅದರ ತಲೆಯ ಮೇಲೆ ಒಗೆದ ಬೆಡ್‌ಶೀಟು ಒಣಗಿಹಾಕಿದ್ದರು. ಒಳಗೆ ಮಕ್ಕಳೆಲ್ಲ ಚಾಪೆಯ ಮೇಲೆ ಸಾಲಾಗಿ ಕೂತು ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದವು. ಒಂದೂ ಮಿಸುಕುತ್ತಿರಲಿಲ್ಲ.

“ನಮ್ಮ ಪದ್ಧತೀಲಿ ಮಗುಗೆ ಪೂರ್ತಿ ಸ್ವಾತಂತ್ರ್ಯ,” ಅಂದರು ವಕೀಲರ ಹೆಂಡತಿ.

ಗೋಡೆಗೆ ಒಂದು ಗಾಜಿನ ಬೀರು. ಅದರಲ್ಲಿ ಬಣ್ಣಬಣ್ಣದ ಮಣಿಗಳ ಸರ, ಒಂದರೊಳಗೊಂದು ಕೂರುವ ಮರದ ಗುಂಡುಗಳು, ಮೆತ್ತಗಿನ ಬಟ್ಟೆ, ಒರಟು ಬಟ್ಟೆ ಅಂಟಿಸಿದ ಹಲಗೆಗಳು. ನಿಜಕ್ಕೂ ಚೆನ್ನಾಗಿದ್ದವು, ನನ್ನ ಶಾಲೆಯಲ್ಲಿ ಇದ್ದಿದ್ದರೆ ಎಂದು ಆಸೆಯೂ ಆಯಿತು. ಮಗಳು ಓಡಿಹೋಗಿ ಗಾಜಿಗೆ ಮೂಗು ಒತ್ತಿ ನಿಂತಳು.

“ಪಾಪ, ಮುಟ್ಬಾರ್ದು!” ಎಂದು ಆಕೆ ಕೂಗಿದರು. ಬೀರುವಿಗೆ ಬೀಗ ಬೇರೆ ಇತ್ತು.

“ಮಕ್ಕಳಿಗೆ ಯಾವಾಗ ಕೊಡ್ತೀರ?” ಎಂದು ಕೇಳಿದೆ.

“ಕೊಟ್ರೆ ಉಳಿಯುತ್ತೇನ್ರೀ? ಮದ್ರಾಸಿಂದ ತರ್ಸಿದ್ದು. ಪೇರೆಂಟ್ಸ್ ಬಂದಾಗ ತೋರಿಸ್ತೀವಿ.”

ಆಮೇಲೆ ನಮ್ಮ ಓದು ವಿಚಾರಿಸಿದರು. ನಾನು ಟೀಚರ್ ಎಂದಾಗ ಕಣ್ಣರಳಿತು, ಹೋಳೂರು ಎಂದಾಗ ಮುಚ್ಚಿಕೊಂಡಿತು. “ಓ, ಸರ್ಕಾರೀದು,” ಅಂದರು. ಯಾವುದೋ ಕಾಯಿಲೆಯ ಹೆಸರು ಹೇಳಿದ ಹಾಗೆ. ನನಗೆ ಅಲ್ಲಿಂದ ಎದ್ದು ಬಂದರೆ ಸಾಕಾಗಿತ್ತು. ನಮ್ಮ ಯಜಮಾನರಿಗೂ ಆ ಶಾಲೆ ಹಿಡಿಸಲಿಲ್ಲ, ಆದರೆ ಅವರ ಕಾರಣ ಬೇರೆ. ವಕೀಲರ ಹೆಂಡತಿ ನಮ್ಮ ಜೊತೆ ಕನ್ನಡದಲ್ಲಿ ಮಾತಾಡಿಬಿಟ್ಟಿದ್ದರು.

ದಂಡಿನ ಮೇಡಂ ಆ ತಪ್ಪು ಮಾಡಲಿಲ್ಲ. ಅವರ ಶಾಲೆಯಲ್ಲಿ ಪ್ರವೇಶಕ್ಕೆ ಮೊದಲು ಇಂಟರ್ವ್ಯೂ ಇತ್ತು. ಮಗುವಿಗೂ, ಅಪ್ಪ ಅಮ್ಮನಿಗೂ. ಮಗಳಿಗೆ ಬೂಟು, ಕಾಲುಚೀಲ ತೊಡಿಸಿದೆವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ನಾನು ಮಕ್ಕಳಿಗೆ ಬಿಡಿಸಿ ಹೇಳುವಾಗಲೆಲ್ಲ ನನಗೆ ಆ ಬೂಟೇ ನೆನಪಾಗುತ್ತದೆ. ಹೊರಗಡೆ ಬೆಂಚಿನ ಮೇಲೆ ಅಪ್ಪಂದಿರು ಪರೀಕ್ಷೆಗೆ ಕೂತವರ ಹಾಗೆ ತುಟಿ ಅಲ್ಲಾಡಿಸುತ್ತ ಏನೋ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ನಮ್ಮವರದೂ ತುಟಿ ಅಲ್ಲಾಡುತ್ತಿತ್ತು.

ಮೇಡಂ ಎತ್ತರದ ಹೆಂಗಸು, ಕತ್ತರಿಸಿದ ಕೂದಲು. ನಮ್ಮನ್ನು ಕೂರಲು ಹೇಳಿ, “ವಾಟ್ ಲ್ಯಾಂಗ್ವೇಜ್ ಡು ಯು ಸ್ಪೀಕ್ ಅಟ್ ಹೋಂ?” ಎಂದು ಕೇಳಿದರು.

“ಇಂಗ್ಲಿಷ್, ಮೇಡಂ. ಮ್ಯಾಕ್ಸಿಮಂ ಇಂಗ್ಲಿಷ್,” ಅಂದರು ನಮ್ಮ ಯಜಮಾನರು.

ನಾನು ನೆಲ ನೋಡಿದೆ. ನಮ್ಮ ಮನೆಯಲ್ಲಿ ಆಡುತ್ತಿದ್ದ ಇಂಗ್ಲಿಷೆಂದರೆ ಬಸ್ಸು, ಲೇಟು, ಕರೆಂಟು.

ಮೇಡಂ ಒಂದು ಚಿತ್ರದ ಪುಸ್ತಕ ತೆರೆದು ಹಸುವಿನ ಚಿತ್ರ ತೋರಿಸಿ, “ವಾಟ್ ಡಸ್ ದ ಕೌ ಗಿವ್ ಅಸ್, ಬೇಬಿ?” ಅಂದರು. ಮಗಳು ಚಿತ್ರ ನೋಡಿದಳು, ಅಪ್ಪನನ್ನು ನೋಡಿದಳು. ಅಪ್ಪ ಬಗ್ಗಿ ಕಿವಿಯಲ್ಲಿ ಪಿಸುಗುಟ್ಟಿದರು, “ಹಸು ಏನು ಕೊಡುತ್ತೆ ಹೇಳು ಪಾಪ.”

ಮಗಳ ಮುಖ ಅರಳಿತು. ಇದು ಅವಳಿಗೆ ಗೊತ್ತಿದ್ದ ವಿಷಯ. ಬೈರಕೂರಿಗೆ ಹೋದಾಗಲೆಲ್ಲ ಬೆಳಿಗ್ಗೆ ಅವ್ವನ ಹಿಂದೆ ಪುಟ್ಟ ಮಂಕರಿ ಹಿಡಿದು ಕೊಟ್ಟಿಗೆಗೆ ಹೋಗುತ್ತಿದ್ದವಳು. ಗಟ್ಟಿಯಾಗಿ, “ಪೇಡ!” ಅಂದಳು.

ತೆಲುಗಿನಲ್ಲಿ ಪೇಡ ಎಂದರೆ ಸಗಣಿ. ನಮ್ಮ ಯಜಮಾನರು ಮಗಳ ಬಾಯಿ ಮುಚ್ಚಲು ಕೈ ಚಾಚಿದರು. ಆದರೆ ದಂಡಿನ ಮೇಡಂಗೆ ತೆಲುಗು ಎಲ್ಲಿಂದ ಬರಬೇಕು? ಅವರಿಗೆ ಗೊತ್ತಿದ್ದದ್ದು ಮಿಠಾಯಿ ಅಂಗಡಿಯ ಪೇಡ.

“ಪೇಡಾ!” ಎಂದು ಚಪ್ಪಾಳೆ ತಟ್ಟಿದರು. “ಆಲ್ ಚಿಲ್ಡ್ರನ್ ಸೇ ಮಿಲ್ಕ್. ದಿಸ್ ಬೇಬಿ ಹ್ಯಾಸ್ ಗಾನ್ ಬಿಯಾಂಡ್ ಮಿಲ್ಕ್, ಸ್ಟ್ರೇಟ್ ಟು ಸ್ವೀಟ್! ವೆರಿ ಅಡ್ವಾನ್ಸ್ಡ್ ಚೈಲ್ಡ್.”

ಮಗಳಿಗೆ ಸೀಟು ಸಿಕ್ಕಿತು. ಕೋಲಾರದ ಅತ್ಯುತ್ತಮ ಕಾನ್ವೆಂಟಿಗೆ ನನ್ನ ಮಗಳು ಸಗಣಿಯ ಬಲದ ಮೇಲೆ ಸೇರಿದಳು. ಮನೆಗೆ ಬಂದು ನಾನು ಹೇಳಿದಾಗ ಅತ್ತೆ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ಅವರ ಮಗ ಮಾತ್ರ ರೇಗಿದರು. “ಇದನ್ನ ಎಲ್ಲೂ ಹೇಳ್ಬೇಡಿ ಅಮ್ಮಾ.” ಮಾರನೆಯ ದಿನ ಬ್ಯಾಂಕಿನಲ್ಲಿ ಅವರು ಹೇಳಿದ್ದು, ಮಗಳು ಇಂಟರ್ವ್ಯೂನಲ್ಲಿ ಎಲ್ಲ ಪ್ರಶ್ನೆಗೂ ಪಟಪಟ ಉತ್ತರ ಕೊಟ್ಟಳು ಎಂದು. ಆವತ್ತಿನಿಂದ ಮನೆಯಲ್ಲಿ ‘ಕಮ್ ಪಾಪ, ಈಟ್ ಪಾಪ, ಸಿಟ್ ಪಾಪ’ ಶುರುವಾಯಿತು.

“ನಾಯೀನ ಕರ್ಯೋ ಹಂಗೆ ಕರೀತಾನಲ್ಲೇ ಮಗೂನ,” ಎಂದು ಅತ್ತೆ ನನ್ನ ಹತ್ತಿರ ಗೊಣಗಿದರು.

ಮೊದಲ ದಿನ ರಜೆ ಹಾಕಿ ಮಗಳನ್ನು ಬಿಡಲು ನಾನೇ ಹೋದೆ. ಬಾಗಿಲಲ್ಲಿ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದ ಎಳೆ ವಯಸ್ಸಿನ ಮಿಸ್ ಒಬ್ಬಳು ನನ್ನನ್ನು ನೋಡಿ ಕಲ್ಲಾಗಿ ನಿಂತಳು. ನನಗೂ ಗುರುತು ಸಿಕ್ಕಿತು. ಎಪ್ಪತ್ತರ ದಶಕದಲ್ಲಿ ಹೋಳೂರಿನಲ್ಲಿ ನನ್ನ ಕೈಯಲ್ಲಿ ಓದಿದ ಹುಡುಗಿ. ಚಿಕ್ಕ ತರಗತಿಯ ಟೀಚರ್ ಬಾರದ ದಿನ ಅವಳನ್ನು ಕಳಿಸಿದರೆ ಸಾಕು, ಆ ಮಕ್ಕಳು ಮನೆಗೆ ಹೋಗಲು ಒಲ್ಲೆ ಎನ್ನುತ್ತಿದ್ದವು. ಆಮೇಲೆ ಹೈಸ್ಕೂಲಿಗೆ ಹೋಗಿ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿನಲ್ಲಿ ಫೇಲಾಗಿದ್ದಾಳೆ ಎಂದು ಕೇಳಿದ್ದೆ. ಈಗ ಇಸ್ತ್ರಿ ಮಾಡಿದ ಸೀರೆ ಉಟ್ಟು ಇಂಗ್ಲಿಷ್ ಕಾನ್ವೆಂಟಿನ ಬಾಗಿಲಲ್ಲಿ ನಿಂತಿದ್ದಳು.

“ನಮಸ್ಕಾರ ಮಿಸ್,” ಎಂದು ಹೇಳಿ ಮಗಳ ಕೈಯನ್ನು ಅವಳ ಕೈಗಿಟ್ಟು ಬಂದೆ.

ಮಾರನೆಯ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಹೋಳೂರಿನಿಂದ ನಾನು ಇಳಿಯುವ ಬಸ್ಸಿಗೇ ಅವಳು ಹತ್ತಬೇಕು. ಓಡಿಬಂದು, “ಟೀಚರ್, ಹೇಳ್ಬೇಡಿ ಟೀಚರ್,” ಅಂದಳು. “ಪಾಸಾಗಿದೀನಿ ಅಂತ ಹೇಳಿ ಸೇರ್ಕೊಂಡಿದೀನಿ.”

“ನಾನ್ಯಾಕೆ ಹೇಳ್ಲಿ? ಇಂಗ್ಲಿಷಲ್ಲಿ ಹೆಂಗೆ ಪಾಠ ಮಾಡ್ತೀಯೆ?”

“ಮೇಡಂ ಬರ್ದು ಕೊಡ್ತಾರೆ ಟೀಚರ್. ಬಾಯಿಪಾಠ ಮಾಡ್ಕೊಂಡು ಹೇಳೋದು. ಮಕ್ಕಳು ಅದನ್ನೇ ತಿರುಗಿ ಹೇಳ್ತವೆ. ಏನಂತ ಅವಕ್ಕೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ.”

ಇಬ್ಬರೂ ನಕ್ಕೆವು. ಊರೆಲ್ಲ ಸಾಲು ನಿಂತು ಬೇಡಿಕೊಳ್ಳುತ್ತಿದ್ದ ವಿದ್ಯೆಯ ಒಳಗುಟ್ಟು ಇಷ್ಟೇ ಎಂದು ನನಗೆ ಒಳಗೊಳಗೇ ಖುಷಿಯೂ ಆಯಿತು. ಮಗಳು ಒಳ್ಳೆಯ ಹುಡುಗಿಯ ಕೈಯಲ್ಲಿದ್ದಾಳೆ, ಏನೂ ಕಲಿಯದಿದ್ದರೂ ಚೆನ್ನಾಗಿರುತ್ತಾಳೆ ಎಂದುಕೊಂಡೆ.

ಮಳೆಗಾಲ ಕಳೆದು ದಸರಾ ರಜೆ ಮುಗಿಯುವವರೆಗೆ ಅದು ನಿಜವೂ ಆಗಿತ್ತು. ಆಮೇಲೆ ಮಗಳು ಬದಲಾಗತೊಡಗಿದಳು. ಮನೆಯಲ್ಲಿ ಮಾತು ಕಡಿಮೆಯಾಯಿತು. ಬೀದಿಯವರು ಕರೆದರೆ ನನ್ನ ಸೀರೆಯ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದಳು. ನಮ್ಮ ಯಜಮಾನರು ಅದಕ್ಕೆ ಡಿಸಿಪ್ಲಿನ್ ಎಂದು ಹೆಸರಿಟ್ಟರು. ಬೆಳಿಗ್ಗೆ ಹಾಲು ಕೊಟ್ಟರೆ ಒಲ್ಲೆ ಎನ್ನುತ್ತಿದ್ದಳು, ನೀರು ಕೊಟ್ಟರೆ ಬಾಯಿ ಬಿಗಿ ಹಿಡಿಯುತ್ತಿದ್ದಳು. ಸಂಜೆ ಮನೆಗೆ ಬಂದವಳೇ ನೀರಿನ ಚೊಂಬು ಎತ್ತಿ ಗಟಗಟ ಕುಡಿಯುತ್ತಿದ್ದಳು ಎಂದು ಅತ್ತೆ ಹೇಳಿದರು. ಹಟ ಇರಬೇಕು ಎಂದುಕೊಂಡೆವು.

ಒಂದು ದಿನ ಜ್ವರ ಬಂತು. ಒಂದಕ್ಕೆ ಹೋಗುವಾಗ ಉರಿ ಉರಿ ಎಂದು ಅರಚಿಕೊಂಡಳು. ಡಾಕ್ಟರ ಹತ್ತಿರ ಎತ್ತಿಕೊಂಡು ಓಡಿದೆವು. ವಯಸ್ಸಾದ ಡಾಕ್ಟರು ಅವಳ ನಾಲಿಗೆ ನೋಡಿ, ಹೊಟ್ಟೆ ಒತ್ತಿ ನೋಡಿ, ನನ್ನ ಕಡೆ ತಿರುಗಿದರು. “ಏನಮ್ಮಾ, ಮಗೂಗೆ ನೀರೇ ಕುಡಿಸಲ್ವಾ? ಮೂತ್ರ ಕಟ್ಕೊಂಡು ಕೂತೂ ಕೂತೂ ಹಿಂಗಾಗಿದೆ.”

ಮನೆಗೆ ಬಂದು ಔಷಧಿ ಕುಡಿಸಿ ತೊಡೆಯ ಮೇಲೆ ಮಲಗಿಸಿಕೊಂಡು ಕೇಳಿದೆ.

“ಯಾಕೆ ಪಾಪ, ಬೆಳಿಗ್ಗೆ ನೀರು ಕುಡಿಯಲ್ಲ ನೀನು?”

“ಕುಡುದ್ರೆ ಒಂದಕ್ಕೆ ಬರುತ್ತೆ.”

“ಬಂದ್ರೆ ಹೋಗು. ಅದಕ್ಕೇನು?”

“ಇಂಗ್ಲಿಷಲ್ಲಿ ಕೇಳ್ಬೇಕು. ನಂಗೆ ಬರಲ್ಲ.”

ಇಷ್ಟೇ ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು. ಯಾರೂ ಹೇಳಿಕೊಡದೆ, ಯಾರಿಗೂ ದೂರು ಹೇಳದೆ, ಮೂರು ವರ್ಷದ ಮಗು ತನ್ನಷ್ಟಕ್ಕೆ ಕೂತು ಲೆಕ್ಕ ಹಾಕಿತ್ತು. ಕೇಳಲು ಭಾಷೆ ಇಲ್ಲದಿದ್ದರೆ ಕೇಳುವ ಅಗತ್ಯವೇ ಬಾರದ ಹಾಗೆ ಇರಬೇಕು ಎಂದು. ಅಡ್ವಾನ್ಸ್ಡ್ ಚೈಲ್ಡ್ ಎಂದು ಮೇಡಂ ಹೇಳಿದ್ದು ಸುಳ್ಳಾಗಿರಲಿಲ್ಲ.

ಮಾರನೆಯ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಿಸ್ಸನ್ನು ಹುಡುಕಿಕೊಂಡು ಹೋದೆ. ನನ್ನನ್ನು ಕಂಡ ಕೂಡಲೇ ಅವಳ ಕಣ್ಣು ತುಂಬಿತು. ದಸರಾ ಆದ ಮೇಲೆ ಮೇಡಂ ಹೊಸ ನಿಯಮ ತಂದಿದ್ದರಂತೆ. ನೀರಿಗಾಗಲಿ, ಒಂದಕ್ಕಾಗಲಿ, ಪೂರ್ತಿ ವಾಕ್ಯ ಇಂಗ್ಲಿಷಿನಲ್ಲಿ ಹೇಳಿದರೆ ಮಾತ್ರ ಬಿಡಬೇಕು. ಇಲ್ಲದಿದ್ದರೆ ಕಲಿಯುವುದಿಲ್ಲ ಎಂದು.

“ಪಾಪು ಬಂದು ‘ಉಚ್ಚ ವಸ್ತಾ ಉಂದಿ’ ಅಂತ ಕಿವೀಲಿ ಹೇಳೋಳು ಟೀಚರ್. ನಾನು ಮೆತ್ತಗೆ ಕಳಿಸಿಬಿಡ್ತಿದ್ದೆ. ಒಂದಿನ ಮೇಡಂ ನೋಡ್ಬಿಟ್ರು. ಎಲ್ಲಾ ಮಕ್ಕಳ ಮುಂದೆ ನನ್ನನ್ನ ಬೈದ್ರು, ಪಾಪೂನ ನಿಲ್ಸಿ ನೂರು ಸಲ ಕೇಳಿದ್ರು. ಅದು ನಿಂತಲ್ಲೇ ಹುಯ್ಕೊಂಡ್ತು. ಎಲ್ಲಾ ನಕ್ಬಿಟ್ವು. ಆವತ್ತಿಂದ ಮೇಡಂ ಬಾಗಿಲಲ್ಲೇ ಕುರ್ಚಿ ಹಾಕ್ಕೊಂಡು ಕೂತ್ಕೋತಾರೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ಕೆಲ್ಸ ಹೋದ್ರೆ ಮನೇಲಿ ಮದುವೆ ಮಾಡಿ ಕಳಿಸ್ಬಿಡ್ತಾರೆ ಟೀಚರ್.”

ಅವಳ ಮೇಲೆ ಸಿಟ್ಟು ಬರಲಿಲ್ಲ. ಇದ್ದ ಸಿಟ್ಟನ್ನೆಲ್ಲ ಬೇರೆ ಕಡೆಗೆ ಕೂಡಿಟ್ಟುಕೊಂಡೆ.

ಮರುದಿನ ಶಾಲೆಗೆ ರಜೆ ಹಾಕಿ ಮೇಡಂ ಕೋಣೆಗೆ ಹೋದೆ. ಅವರು ಕೂರಲು ಹೇಳಲಿಲ್ಲ, ನಾನೇ ಕೂತೆ. ಮಗುವಿಗೆ ಏನಾಗಿದೆ ಎಂದು ಕನ್ನಡದಲ್ಲೇ ಹೇಳಿದೆ. ಕನ್ನಡ ಬಾರದ ಮೇಡಂಗೆ ಒಂದೊಂದು ಮಾತೂ ಅರ್ಥವಾಯಿತು.

“ಇದು ಟ್ರೈನಿಂಗ್,” ಅಂದರು. “ಫಸ್ಟ್ ಸ್ವಲ್ಪ ಕಷ್ಟ. ಆಮೇಲೆ ಫ್ಲುಯೆಂಟ್ ಆಗ್ತಾರೆ. ಅದರ್ ಪೇರೆಂಟ್ಸ್ ಯಾರೂ ಕಂಪ್ಲೇಂಟ್ ಮಾಡಿಲ್ಲ.”

“ಬೇರೆ ಮಕ್ಕಳು ಹೆಂಗೆ ಕೇಳ್ತವೆ ಮೇಡಂ?”

ಅವರು ಹೆಮ್ಮೆಯಿಂದ ಹೊರಗೆ ಕೂತಿದ್ದ ಒಂದು ಮಗುವನ್ನು ಕರೆದರು. ಅದು ಸೆಟೆದು ನಿಂತು, “ಮಿಸ್, ಮೇ ಐ ಗೋ ಟು ಒನ್?” ಎಂದು ಒಪ್ಪಿಸಿತು.

ನನಗೆ ಅಷ್ಟು ಸಿಟ್ಟಿನಲ್ಲೂ ನಗು ಬಂತು. ಹೋಳೂರಿನ ‘ಒಂದಕ್ಕೆ’ಯನ್ನೇ ಎತ್ತಿ ಟೈ ಕಟ್ಟಿ ನಿಲ್ಲಿಸಿದ್ದರು. ಮೇಡಂಗೂ ಅದು ಗೊತ್ತಾಯಿತೋ ಏನೋ, ಮುಖ ಬಿಗಿಯಿತು.

“ನೀವು ಗವರ್ನಮೆಂಟ್ ಸ್ಕೂಲ್ ಟೀಚರ್ ಅಲ್ವಾ? ನರ್ಸರಿ ಡಿಸಿಪ್ಲಿನ್ ನಿಮಗೆ ಗೊತ್ತಾಗಲ್ಲ.”

“ನಿಜ ಮೇಡಂ, ಗೊತ್ತಾಗಲ್ಲ,” ಅಂದೆ. “ನಮ್ಮ ಶಾಲೇಲಿ ಕಕ್ಕಸೇ ಇಲ್ಲ. ಹಿಂದ್ಗಡೆ ಒಂದು ಕತ್ತಾಳೆ ಬೇಲಿ ಇದೆ. ಆದ್ರೆ ಉಚ್ಚೆ ಹಿಡ್ಕೊಂಡು ಕೂತಿರೋ ಮಗು ಒಂದೂ ಇಲ್ಲ. ಮಗು ಎದ್ದು ಓಡಿದ್ರೆ ಯಾಕೆ ಓಡ್ತು ಅಂತ ನಮಗೆ ಯಾವ ಭಾಷೇಲೂ ಹೇಳ್ಬೇಕಾಗಿಲ್ಲ.”

ಅವರು ಉತ್ತರ ಕೊಡುವ ಮೊದಲೇ, ಜ್ವರ ಬಂದ ದಿನ ಅಲ್ಲೇ ಉಳಿದಿದ್ದ ಮಗಳ ಚೀಲ, ನೀರಿನ ಬಾಟಲಿ ತೆಗೆದುಕೊಂಡು ಹೊರಟೆ. ಬಾಟಲಿಯಲ್ಲಿ ನೀರು ತುಂಬಿದ ಹಾಗೇ ಇತ್ತು.

ಸಂಜೆ ಮನೆಯಲ್ಲಿ ರಾದ್ಧಾಂತವಾಯಿತು. “ಸೀಟು ಬಿಟ್ಟು ಬಂದ್ಯಾ? ನನ್ನ ಒಂದು ಮಾತು ಕೇಳ್ದೆ?” ಎಂದು ನಮ್ಮ ಯಜಮಾನರು ಹಾರಾಡಿದರು. “ಊರಲ್ಲಿರೋ ಮಕ್ಕಳೆಲ್ಲಾ ಕಲೀತಿಲ್ವಾ? ನಮ್ಮದೊಂದು ಮೇಲಿಂದ ಉದುರಿದ್ಯಾ? ನಾಳೆ ಬ್ಯಾಂಕಲ್ಲಿ ಏನಂತ ಹೇಳ್ಲಿ?”

ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅತ್ತೆ ಅವಳ ಬೆನ್ನು ತಟ್ಟುತ್ತಿದ್ದರು. ಈಗ ತಲೆಯೆತ್ತಿದರು.

“ಏಮಿರಾ, ನೀನು ಮೂರು ವರ್ಷದವನಿದ್ದಾಗ ಇಂಗ್ಲೀಷಲ್ಲಿ ಹುಯ್ತಿದ್ಯಾ? ಬೈರಕೂರಲ್ಲಿ ನಮ್ಮ ತಿಪ್ಪೆ ಮೇಲೆ ಹುಯ್ದೋನೇ ಕದಾ ನೀನು, ಈಗ ಬ್ಯಾಂಕಲ್ಲಿ ಕೂತಿಲ್ವಾ? ಹೋಗಿ ಹೇಳು ನಿಮ್ಮೋರಿಗೆ, ನಮ್ಮಮ್ಮ ಬಿಡಿಸಿಬಿಟ್ಳು ಅಂತ.”

ಮಗುವನ್ನು ಬಿಡಿಸಿದ್ದು ಹಾಗೇ ಉಳಿಯಿತು. ಆದರೆ ಬ್ಯಾಂಕಿನಲ್ಲಿ ನಮ್ಮ ಯಜಮಾನರು ಅಮ್ಮನ ಹೆಸರು ಹೇಳಲಿಲ್ಲ. ಮಗುವಿಗೆ ಕೋಲಾರದ ಹವಾ ಒಗ್ಗುತ್ತಿಲ್ಲ, ಡಾಕ್ಟರು ಸ್ವಲ್ಪ ದಿನ ರೆಸ್ಟ್ ಹೇಳಿದ್ದಾರೆ ಎಂದರಂತೆ. ಅದೇ ಜಿಲ್ಲೆಯ ಬೈರಕೂರಿನಲ್ಲಿ ಹುಟ್ಟಿದವರ ಮಗಳಿಗೆ ಕೋಲಾರದ ಹವಾ ಒಗ್ಗಲಿಲ್ಲ ಎಂದರೆ ಆ ಬ್ಯಾಂಕಿನವರು ನಂಬಿದರು. ಕಾನ್ವೆಂಟು ಒಗ್ಗಲಿಲ್ಲ ಎಂದಿದ್ದರೆ ನಂಬುತ್ತಿರಲಿಲ್ಲ.

ಸುದ್ದಿ ಹೇಗೋ ವಕೀಲರ ಹೆಂಡತಿಯನ್ನು ಮುಟ್ಟಿತು. ಹಬ್ಬದ ಬೀಗರ ಹಾಗೆ ಕುಂಕುಮದ ಬಟ್ಟಲು, ಹೂವು ಹಿಡಿದು ಮನೆಗೇ ಬಂದುಬಿಟ್ಟರು. “ನಂಗೆ ಗೊತ್ತಿತ್ತು ರೀ, ಆ ಹೆಂಗಸಿಗೆ ಮಕ್ಕಳ ಮನಶ್ಶಾಸ್ತ್ರ ಏನೂ ಗೊತ್ತಿಲ್ಲ. ನಮ್ಮಲ್ಲಿಗೆ ಹಾಕಿ. ಆದ್ರೆ ಒಂದು, ಅಲ್ಲಿ ಯಾಕೆ ಬಿಡಿಸಿದ್ರಿ ಅಂತ ನಾಕು ಜನಕ್ಕೆ ನೀವು ಹೇಳ್ಬೇಕು.” ಮಗುವಿನ ಉರಿಮೂತ್ರದಲ್ಲಿ ತನ್ನ ಶಾಲೆಗೆ ನೀರು ಹಾಯಿಸಿಕೊಳ್ಳಲು ಬಂದಿದ್ದರು. ಜ್ವರ ಹೇಗಿದೆ ಎಂದು ಒಂದು ಮಾತು ಕೇಳಲಿಲ್ಲ. ಕಾಫಿ ಕೊಟ್ಟು ಕಳಿಸಿದೆ.

ಮಗಳನ್ನು ಅತ್ತೆ ಬೈರಕೂರಿಗೆ ಕರೆದುಕೊಂಡು ಹೋದರು. ಮಾವಿನ ಕಾಯಿ ಇಳಿಯುವವರೆಗೂ ಅಲ್ಲೇ ಇದ್ದಳು. ವಾಪಸು ಬಂದಾಗ ಕಪ್ಪಗಾಗಿದ್ದಳು, ಗಂಟಲು ದೊಡ್ಡದಾಗಿತ್ತು, ಮಾತು ಮೊದಲಿನ ಹಾಗೆ ಧುಮುಕುತ್ತಿತ್ತು. ಜೂನ್ ತಿಂಗಳಿನಿಂದ ಅವಳನ್ನು ನನ್ನ ಜೊತೆಗೇ ಹೋಳೂರಿನ ಬಸ್ಸಿಗೆ ಹತ್ತಿಸಿದೆ. ದಾಖಲೆಯಲ್ಲಿ ಹೆಸರಿಲ್ಲ, ವಯಸ್ಸಾಗಿಲ್ಲ. ಹೆಡ್‌ಮಾಸ್ಟರು ಒಂದು ದಿನ ನೋಡಿದರು, ಎರಡು ದಿನ ನೋಡಿದರು, ಆಮೇಲೆ ಅವಳಿಗೆ ಒಂದು ಸ್ಲೇಟು ಕೊಟ್ಟರು. ದೊಡ್ಡ ತರಗತಿಯ ಹುಡುಗಿಯರು ಅವಳನ್ನು ಸೊಂಟದ ಮೇಲೆ ಹೊತ್ತುಕೊಂಡು ತಿರುಗಿದರು. ನಮ್ಮ ಯಜಮಾನರು ಬ್ಯಾಂಕಿನಲ್ಲಿ ಅದಕ್ಕೆ ಏನು ಹೆಸರಿಟ್ಟರೋ ನಾನು ಕೇಳಲಿಲ್ಲ.

ಮಿಸ್ಸಿನ ಕೆಲಸ ಉಳಿಯಲಿಲ್ಲ. ನಾನು ಅವಳ ಹೆಸರೆತ್ತಿರಲಿಲ್ಲ, ಮೇಡಂಗೆ ಹೆಸರು ಬೇಕಾಗಿರಲೂ ಇಲ್ಲ. ಮನೆಯವರು ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿದ್ದ ಹುಡುಗನಿಗೆ ಮದುವೆ ಗೊತ್ತು ಮಾಡಿದರು. ಮದುವೆಗೆ ಮೊದಲು ಭಾನುವಾರಗಳಲ್ಲಿ ಅವಳನ್ನು ಮನೆಗೆ ಕರೆಸಿಕೊಂಡು ಇಂಗ್ಲಿಷ್ ಹೇಳಿಕೊಟ್ಟೆ. ಬಾಯಿಪಾಠ ಬೇಡ, ಅರ್ಥ ಕೇಳು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಪಾಸಾದಳು.

ಎಂಬತ್ತರ ದಶಕದ ಕೊನೆಯಲ್ಲಿ ಮಾಲೂರಿಗೆ ಒಂದು ತರಬೇತಿಗೆಂದು ಹೋದಾಗ ಅವಳ ಮನೆ ಹುಡುಕಿಕೊಂಡು ಹೋದೆ. ಹುಡುಕುವ ಕಷ್ಟವೇ ಇರಲಿಲ್ಲ. ಮನೆಯ ಮೇಲೆ ಆಳೆತ್ತರದ ಬೋರ್ಡು, ಇಂಗ್ಲಿಷ್ ನರ್ಸರಿ ಎಂದು. ಬಾಗಿಲ ಮೇಲೆ ಇನ್ನೊಂದು ಪುಟ್ಟ ಬೋರ್ಡು, ಒಳಗೆ ಇಂಗ್ಲಿಷಿನಲ್ಲೇ ಮಾತಾಡಬೇಕೆಂದು. ನನ್ನ ಮುಖ ಹೇಗಾಯಿತೋ, ಅವಳು ಕೈ ಹಿಡಿದು ಒಳಗೆ ಎಳೆದಳು.

“ಬೋರ್ಡ್ ಇಲ್ದಿದ್ರೆ ಒಬ್ರೂ ಬರಲ್ಲ ಟೀಚರ್. ಬನ್ನಿ, ಒಳಗೆ ನೋಡಿ.”

ಒಳಗೆ ಮಕ್ಕಳು ನೆಲದ ಮೇಲೆ ಹುಣಸೆಬೀಜ ಹರಡಿಕೊಂಡು ಕನ್ನಡ, ತೆಲುಗು, ಉರ್ದು ಎಲ್ಲದರಲ್ಲೂ ಜಗಳವಾಡುತ್ತಿದ್ದವು. ಒಂದು ಮಗು ಯಾರನ್ನೂ ಕೇಳದೆ ಎದ್ದು ಚಡ್ಡಿ ಜಾರಿಸಿಕೊಳ್ಳುತ್ತ ಹಿತ್ತಲ ಕಡೆ ಓಡಿತು.

ನಾವು ಕಾಫಿ ಕುಡಿಯುತ್ತಿರುವಾಗ ಸ್ಕೂಟರಿನಲ್ಲಿ ಒಬ್ಬರು ಬಂದರು. ತೊಳೆದ ಷರ್ಟು, ಜೇಬಿನಲ್ಲಿ ಎರಡು ಪೆನ್ನು. ಮಗುವನ್ನು ಸೇರಿಸಬೇಕಿತ್ತು. ಸೋಮವಾರದಿಂದ ಕಳಿಸಿ ಎಂದಳು ನನ್ನ ಹುಡುಗಿ.

“ಇಂಟರ್ವ್ಯೂ ಯಾವತ್ತು?”

“ಇಂಟರ್ವ್ಯೂ ಏನಿಲ್ಲ ಸಾರ್.”

“ಇಲ್ವಾ? ಹಾಗೇ ತಗೋತೀರಾ? ಯಾರ್ ಬಂದ್ರೂ?”

“ಮಗು ಅಲ್ವಾ ಸಾರ್.”

ಅವರು ಬೋರ್ಡನ್ನು ಮತ್ತೊಮ್ಮೆ ನೋಡಿದರು, ಒಳಗಿನ ಗದ್ದಲದ ಕಡೆ ಕಿವಿಗೊಟ್ಟರು. ವಿಚಾರ ಮಾಡಿ ಹೇಳ್ತೀನಿ ಎಂದು ಸ್ಕೂಟರ್ ಒದ್ದರು.

“ಬರಲ್ಲ ಟೀಚರ್, ಇನ್ನು,” ಅಂದಳು ಅವಳು, ಲೋಟಗಳನ್ನು ಎತ್ತಿಕೊಳ್ಳುತ್ತ. “ಹಿಂಗೇ ತುಂಬ ಜನ ಹೋಗಿದಾರೆ.”

ನನ್ನ ಮಗಳು ಆಗ ಮಾಧ್ಯಮಿಕ ಶಾಲೆಯಲ್ಲಿದ್ದಳು. ಐದನೆಯ ತರಗತಿಯಿಂದ ಇಂಗ್ಲಿಷ್ ಕಲಿಯಲು ಶುರು ಮಾಡಿ ತರಗತಿಯ ಬೇರೆ ಮಕ್ಕಳ ಹಾಗೇ ಕಲಿಯುತ್ತಿದ್ದಳು, ಕಾಗುಣಿತದ ತಪ್ಪು ಹೆಚ್ಚು. ಅಪ್ಪ ಅವಳ ಇಂಗ್ಲಿಷ್ ಅಂಕಗಳನ್ನು ಮಾತ್ರ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಕಾನ್ವೆಂಟಿನದು ಅವಳಿಗೆ ಏನೂ ನೆನಪಿರಲಿಲ್ಲ. ಎಲ್ಲಿಗಾದರೂ ಪ್ರಯಾಣ ಹೊರಡುವ ಮುಂಚೆ ನೀರು ಕುಡಿ ಎಂದರೆ ಮಾತ್ರ, ಆಮೇಲೆ ಕುಡೀತೀನಮ್ಮಾ, ಅನ್ನುತ್ತಿದ್ದಳು.